ಟ್ರ್ಯಾಕ್ಟರ್ ಅಗ್ಗಕ್ಕೆ ಸಿಗುತ್ತದೆ, ಕೆಟ್ಟು ನಿಂತ ದಿನ ಯಾರು ಬರುತ್ತಾರೆ?

ಪ್ರಶ್ನೆ: ನಾನು ಇಂಡಿ ತಾಲ್ಲೂಕಿನವನು, ಚಿಂಚವಡದ ಕಾರ್ಖಾನೆಯೊಂದರಲ್ಲಿ ಕೆಲಸ. ದೌಂಡ್ ಹತ್ತಿರ ನಮ್ಮದು 11 ಎಕರೆ ಕರಿಮಣ್ಣಿನ ಹೊಲ ಇದೆ. ತಮ್ಮ ಅಲ್ಲೇ ಇದ್ದು ಕಬ್ಬು, ಈರುಳ್ಳಿ ಮಾಡುತ್ತಾನೆ. ಇಷ್ಟು ದಿನ ಬಾಡಿಗೆ ಟ್ರ್ಯಾಕ್ಟರ್ ನಂಬಿಕೊಂಡಿದ್ದೆವು, ಈಗ 45 ಎಚ್‌ಪಿಯದೊಂದು ಸ್ವಂತಕ್ಕೆ ತಗೊಳ್ಳಬೇಕು ಅಂತಿದ್ದೇವೆ. ಮೋಶಿಯ ಕಿಸಾನ್ ಪ್ರದರ್ಶನದಲ್ಲಿ ಒಂದು ಕಂಪನಿಯ ಗಾಡಿ ಮನಸ್ಸಿಗೆ ಬಂತು. ಅಷ್ಟಾಗಿ ಹೆಸರು ಕೇಳಿದ ಕಂಪನಿಯಲ್ಲ, ಆದರೆ ದೊಡ್ಡ ಕಂಪನಿಯ ಗಾಡಿಗಿಂತ 90,000 ರೂಪಾಯಿ ಕಡಿಮೆ. ಸೋಲಾಪುರ ರಸ್ತೆಯಲ್ಲಿ ಅದರ ಡೀಲರ್ ಇದ್ದಾರೆ, ಶೋರೂಮ್ ಹಾಕಿ ಒಂದು ವರ್ಷವಾಗಿದೆ. ಬೇಸಿಗೆಯಲ್ಲಿ ಗಾಡಿಯನ್ನು ಇಂಡಿಗೂ ಒಯ್ದು ಅಲ್ಲಿಯ ಹೊಲದ ಕೆಲಸ ಮಾಡಿಸುವ ಯೋಚನೆ ಇದೆ. ಸರ್ವಿಸ್ ಸಿಗದೆ ಒದ್ದಾಡುತ್ತೀರಿ ಎಂದು ಊರವರು ಹೆದರಿಸುತ್ತಿದ್ದಾರೆ. ತಗೊಳ್ಳಬಹುದೇ?

ಉತ್ತರ: ಊರವರ ಮಾತಿನಲ್ಲಿ ಅರ್ಧ ನಿಜ ಇದೆ. ಸರ್ವಿಸ್ ಸಿಗದ ಟ್ರ್ಯಾಕ್ಟರ್ ಕಟ್ಟಿಕೊಂಡು ಒದ್ದಾಡಿದವರನ್ನು ಪುಣೆ ಜಿಲ್ಲೆಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಆದರೆ ಅವರಲ್ಲಿ ಹೆಸರಾಂತ ಕಂಪನಿಯ ಗಾಡಿ ಕೊಂಡವರೂ ಇದ್ದರು. ಕಂಪನಿ ಟ್ರ್ಯಾಕ್ಟರ್ ಮಾಡಿ ಕಳಿಸುತ್ತದೆ, ಅದು ಕೆಟ್ಟಾಗ ನಿಮ್ಮ ಹೊಲಕ್ಕೆ ಬರಬೇಕಾದವನು ಡೀಲರ್ ಕಡೆಯ ಫಿಟ್ಟರ್. ಒಂದೇ ಕಂಪನಿಗೆ ಒಂದು ತಾಲ್ಲೂಕಿನಲ್ಲಿ ಚಿನ್ನದಂಥ ಡೀಲರ್ ಇದ್ದು, ಪಕ್ಕದ ತಾಲ್ಲೂಕಿನಲ್ಲಿ ಫೋನನ್ನೇ ಎತ್ತದವನು ಇರುತ್ತಾನೆ. ಹಾಗಾಗಿ ಬ್ರ್ಯಾಂಡ್ ಹೇಗೆ ಎಂದು ಹತ್ತು ಜನರನ್ನು ಕೇಳುವುದರಿಂದ ನಿಮಗೆ ಪ್ರಯೋಜನವಿಲ್ಲ. ಕೇಳಬೇಕಾದ್ದು ಬೇರೆ: ದೌಂಡ್‌ನ ಆ ಹೊಲಕ್ಕೆ ಈ ಡೀಲರ್‌ನ ಜನ ಎಷ್ಟು ಹೊತ್ತಿಗೆ ಬರುತ್ತಾರೆ, ಬರುವಾಗ ಕೈಯಲ್ಲಿ ಸಾಮಾನು ಇರುತ್ತದೆಯೇ, ನಾಳೆ ಡೀಲರೇ ಅಂಗಡಿ ಮುಚ್ಚಿದರೆ ಮುಂದೇನು. ಈ ಮೂರಕ್ಕೂ ಕಣ್ಣಾರೆ ನೋಡಿ ಉತ್ತರ ಪಡೆದರೆ, ಹೆಸರಿಲ್ಲದ ಕಂಪನಿಯ ಗಾಡಿಯನ್ನು ಧೈರ್ಯವಾಗಿ ತಗೊಳ್ಳಬಹುದು.

ಮೊದಲು 90,000 ರೂಪಾಯಿಯ ಲೆಕ್ಕ. ಕರಿಮಣ್ಣಿನವರಿಗೆ ಹದದ ಬಗ್ಗೆ ನಾನು ಹೇಳಬೇಕಾಗಿಲ್ಲ. ಮಳೆ ಬಿದ್ದ ಮೇಲೆ ಕೆಲವು ದಿನ ಕಾಲಿಡಲಾಗದು, ಇನ್ನು ಕೆಲವು ದಿನ ಬಿಟ್ಟರೆ ಹೆಂಟೆ ಒಡೆಯದು, ನಡುವೆ ಸಿಗುವುದು ಬೆರಳೆಣಿಕೆಯ ದಿನ. ನಿಮ್ಮ ಗಾಡಿ ನಿಂತರೆ ನಷ್ಟವಾಗುವುದು ಆ ದಿನಗಳಲ್ಲಿ. ಆಗ ಬಾಡಿಗೆಗೂ ಟ್ರ್ಯಾಕ್ಟರ್ ಸಿಗುವುದಿಲ್ಲ, ಏಕೆಂದರೆ ಇದ್ದವರೆಲ್ಲ ಮೊದಲು ತಮ್ಮ ಹೊಲ ಮುಗಿಸಿಕೊಳ್ಳುತ್ತಾರೆ. ಹಾಗೆಂದು 11 ಎಕರೆಗೆ 45 ಎಚ್‌ಪಿ ಗಾಡಿ ವರ್ಷವಿಡೀ ದುಡಿಯುವುದಿಲ್ಲ. ಸ್ವಂತ ಹೊಲದ ಕೆಲಸ ಮಾತ್ರವಾದರೆ ಸವೆತ ಕಡಿಮೆ, ರಿಪೇರಿಯೂ ಕಡಿಮೆ, ಆಗ ಉಳಿತಾಯದ ಹಣಕ್ಕೆ ಅರ್ಥವಿದೆ. ಆದರೆ ನಿಮ್ಮ ತಮ್ಮನಿಗೆ ಕಬ್ಬು ಸಾಗಿಸುವ ಆಸೆ ಇದ್ದರೆ ಮಾತೇ ಬೇರೆ. ಅಕ್ಟೋಬರ್-ನವೆಂಬರ್‌ನಲ್ಲಿ ಸಕ್ಕರೆ ಕಾರ್ಖಾನೆ ಶುರುವಾದರೆ ಮಾರ್ಚ್ ತನಕ ಬಿಡುವಿಲ್ಲ, ಎರಡು ಟ್ರಾಲಿ ಎಳೆದು ಎಳೆದು ಕ್ಲಚ್, ಬ್ರೇಕ್, ಹಿಂದಿನ ಆಕ್ಸಲ್ ಎಲ್ಲ ಬಳಲುತ್ತವೆ. ಗಾಡಿ ನಿಂತ ದಿನ ಕಬ್ಬು ಕಡಿಯುವ ಟೋಳಿಯೂ ಕೈಕಟ್ಟಿ ಕೂರಬೇಕಾಗುತ್ತದೆ. ಆ ಕೆಲಸಕ್ಕೆ ಒಂದು ವರ್ಷದ ಡೀಲರ್‌ನನ್ನು ನಂಬಿ ಹೊಸ ಬ್ರ್ಯಾಂಡ್ ತಗೊಳ್ಳಬೇಡಿ ಎಂದು ನೇರವಾಗಿಯೇ ಹೇಳುತ್ತೇನೆ.

ಆ 90,000 ನಿಜವಾಗಿ 90,000 ಹೌದೋ ಅಲ್ಲವೋ ಅದನ್ನೂ ನೋಡಿ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ಎರಡೂ ಕೊಟೇಶನ್ ಅದರ ನಂತರದ್ದೇ ಇರಬೇಕು. ಒಂದರಲ್ಲಿ ಪಾಸಿಂಗ್ (ಆರ್‌ಟಿಓ ನೋಂದಣಿ), ಇನ್ಶೂರೆನ್ಸ್, ಬಂಪರ್, ಹುಕ್ಕು, ಟಾಪ್ ಲಿಂಕ್ ಎಲ್ಲ ಸೇರಿ ಇನ್ನೊಂದರಲ್ಲಿ ಬರಿಯ ಗಾಡಿಯ ಬೆಲೆ ಇದ್ದರೆ ಅಂತರ ಸುಳ್ಳಾಗುತ್ತದೆ.

ಇನ್ನು ಡೀಲರ್. ಭಾನುವಾರ ಹೋಗಬೇಡಿ, ರಜೆ ಹಾಕಿಯಾದರೂ ವಾರದ ನಡುವೆ ಒಂದು ದಿನ ತಮ್ಮನನ್ನು ಕರೆದುಕೊಂಡು ಹೋಗಿ. ಶೋರೂಮಿನ ಗಾಜಿನ ಬಾಗಿಲಲ್ಲಿ ಕೂಲ್‌ಡ್ರಿಂಕ್ಸ್ ಕೊಡುತ್ತಾರೆ, ಕುಡಿಯಿರಿ, ಆಮೇಲೆ ಹಿಂದುಗಡೆ ವರ್ಕ್‌ಶಾಪ್ ತೋರಿಸಿ ಎನ್ನಿ. ಎಷ್ಟೋ ಕಡೆ ಹಿಂದುಗಡೆ ಎನ್ನುವುದೇ ಇರುವುದಿಲ್ಲ, ಒಂದು ಪತ್ರಾ ಶೆಡ್ಡು, ಒಂದು ಆಯಿಲ್ ಡ್ರಮ್ಮು ಅಷ್ಟೇ. ಟ್ರ್ಯಾಕ್ಟರ್‌ನ ಕ್ಲಚ್ ಪ್ಲೇಟ್ ಬದಲಿಸಬೇಕೆಂದರೆ ಎಂಜಿನ್ನು ಬೇರೆ, ಗೇರ್‌ಬಾಕ್ಸು ಬೇರೆ ಮಾಡಿ ಗಾಡಿಯನ್ನು ನಡುವೆ ಎರಡು ಭಾಗ ಮಾಡಬೇಕು. ಅದಕ್ಕೆ ಸಮತಟ್ಟಾದ ಕಾಂಕ್ರೀಟ್ ನೆಲ, ಗಾಡಿಯನ್ನು ಆನಿಸುವ ಸ್ಟ್ಯಾಂಡು, ಭಾರ ಎತ್ತುವ ಚೈನ್ ಪುಲ್ಲಿ ಬೇಕು. ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಝಲ್ ಪರೀಕ್ಷಿಸುವ ಪಂಪು, ಬೇರಿಂಗ್ ಕೂರಿಸುವ ಪ್ರೆಸ್ಸು, ಹೈಡ್ರಾಲಿಕ್ ಒತ್ತಡ ನೋಡುವ ಗೇಜು ಇವೆಯೇ ನೋಡಿ. ಇವಿಲ್ಲದ ಕಡೆ ಆಯಿಲ್ ಬದಲಿಸುತ್ತಾರೆ, ದೊಡ್ಡ ಕೆಲಸವನ್ನು ಹೊರಗಿನ ಮಿಸ್ತ್ರಿಗೆ ಕಳಿಸುತ್ತಾರೆ.

ಅಲ್ಲಿ ಬಿಚ್ಚಿಟ್ಟ ಗಾಡಿ ಇದ್ದರೆ ಅದರ ಹತ್ತಿರ ನಿಲ್ಲಿ. ಅದಕ್ಕಿಂತ ಒಳ್ಳೆಯ ಸಾಕ್ಷಿ ನಿಮಗೆ ಇನ್ನೊಂದು ಸಿಗದು. ಬಾನೆಟ್ ಮೇಲೆ ಧೂಳು ಎಷ್ಟು ಕೂತಿದೆ, ಬಿಚ್ಚಿದ ಬೋಲ್ಟುಗಳನ್ನು ಡಬ್ಬಿಯಲ್ಲಿ ಹಾಕಿಟ್ಟಿದ್ದಾರೋ ನೆಲದ ಮೇಲೆ ಚೆಲ್ಲಿದ್ದಾರೋ, ತೆರೆದ ಗೇರ್‌ಬಾಕ್ಸಿನ ಬಾಯಿಗೆ ಬಟ್ಟೆ ಮುಚ್ಚಿದ್ದಾರೋ ಇಲ್ಲವೋ ಗಮನಿಸಿ. ಬಾಯಿ ತೆರೆದಿಟ್ಟ ಗೇರ್‌ಬಾಕ್ಸಿಗೆ ಧೂಳು ಬಿದ್ದರೆ ನಾಳೆ ಹೈಡ್ರಾಲಿಕ್ ಪಂಪ್ ಸವೆಯುತ್ತದೆ, ಅನೇಕ ಗಾಡಿಗಳಲ್ಲಿ ಎರಡಕ್ಕೂ ಒಂದೇ ಎಣ್ಣೆ. ಸ್ಟೀರಿಂಗಿಗೆ ಜಾಬ್ ಕಾರ್ಡ್ ತೂಗು ಹಾಕಿರುತ್ತಾರೆ, ಅದರಲ್ಲಿ ಗಾಡಿ ಒಳಗೆ ಬಂದ ತಾರೀಖು ಇರುತ್ತದೆ. ಯಾವ ಸಾಮಾನಿಗೆ ಕಾಯುತ್ತಿದ್ದೀರಿ ಎಂದು ಫಿಟ್ಟರ್‌ನನ್ನೇ ಕೇಳಿ. ಶೋರೂಮಿನ ಹುಡುಗರು ಹೇಳುವ ಉತ್ತರವೂ ಇವನು ಹೇಳುವ ಉತ್ತರವೂ ತಾಳೆಯಾಗುತ್ತದೆಯೇ ನೋಡಿ. ಈ ಫಿಟ್ಟರ್ ಎಲ್ಲಿ ಕೆಲಸ ಕಲಿತ, ಕಂಪನಿಯ ತರಬೇತಿಗೆ ಹೋಗಿ ಬಂದಿದ್ದಾನೆಯೇ, ಇವನೊಬ್ಬನೇ ಇರುವುದೋ ಇನ್ನೊಬ್ಬರಿದ್ದಾರೋ ಇದೂ ಬೇಕು. ಮಾರಾಟಕ್ಕೆ ನಾಲ್ಕು ಜನ, ರಿಪೇರಿಗೆ ಒಬ್ಬನೇ ಎಂದಾದರೆ ಸುಗ್ಗಿಯಲ್ಲಿ ನಿಮ್ಮ ಸರದಿ ಬರುವುದಿಲ್ಲ. ಆ ಒಬ್ಬ ಬೇರೆ ಕಡೆ ಕೆಲಸಕ್ಕೆ ಹೋದರೆ ವರ್ಕ್‌ಶಾಪೇ ಖಾಲಿ.

ಅಲ್ಲಿಂದ ಸ್ಪೇರ್ ಕೌಂಟರಿಗೆ ಬನ್ನಿ. "ಎಲ್ಲ ಸಿಗುತ್ತದೆ ಸರ್" ಎನ್ನುತ್ತಾರೆ. ನೀವು ಹೇಳಬೇಕಾದ್ದು: ಇದೇ ಮಾಡೆಲ್‌ನ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ವಾಟರ್ ಪಂಪ್, ಫ್ಯಾನ್ ಬೆಲ್ಟ್, ಡೀಸೆಲ್ ಫಿಲ್ಟರ್, ಹೈಡ್ರಾಲಿಕ್ ಪಂಪಿನ ಸೀಲ್ ಕಿಟ್, ಮುಂದಿನ ಆಕ್ಸಲ್‌ನ ಬುಶ್ ತಂದು ಕೌಂಟರ್ ಮೇಲೆ ಇಡಿ, ನೋಡುತ್ತೇನೆ. ನಾಳೆ ಬರುತ್ತದೆ ಎಂದರೆ ಇಲ್ಲ ಎಂದೇ ಬರೆದುಕೊಳ್ಳಿ. ಈ ಏಳರಲ್ಲಿ ಐದು ಕೈಗೆ ಬಂದರೆ ಆ ಡೀಲರ್ ಸಾಮಾನಿನ ಮೇಲೆ ಹಣ ಹಾಕಿದ್ದಾನೆ ಎಂದರ್ಥ. ಬರಿಯ ಫಿಲ್ಟರ್, ಬೆಲ್ಟ್ ಮಾತ್ರ ಬಂದರೆ ಅವನು ಮಾರಾಟಗಾರ, ಅಷ್ಟೇ. ಇದರಲ್ಲಿ ಡೀಲರ್‌ನ ಕಷ್ಟವನ್ನೂ ತಿಳಿದುಕೊಳ್ಳಬೇಕು: ತಾಲ್ಲೂಕಿನಲ್ಲಿ ಆ ಗಾಡಿಗಳು ಸ್ವಲ್ಪವೇ ಇದ್ದಾಗ ಬೆಲೆಬಾಳುವ ಸಾಮಾನು ತಂದಿಟ್ಟರೆ ವರ್ಷಗಟ್ಟಲೆ ಹಣ ಕಪಾಟಿನಲ್ಲಿ ಕೊಳೆಯುತ್ತದೆ. ಅದಕ್ಕೇ ಕಂಪನಿಯ ಸ್ಪೇರ್ ಡಿಪೋ ಎಲ್ಲಿದೆ ಎಂದು ಕೇಳುವುದು ಮುಖ್ಯ. ಮಹಾರಾಷ್ಟ್ರದೊಳಗೇ ಡಿಪೋ ಇದ್ದರೆ ರಾತ್ರಿಯ ಬಸ್ಸಿಗೆ ಹಾಕಿ ಬೆಳಿಗ್ಗೆ ತರಿಸಬಹುದು. ಪಂಜಾಬಿನಿಂದಲೋ ಹಿಮಾಚಲದಿಂದಲೋ ಟ್ರಾನ್ಸ್‌ಪೋರ್ಟ್‌ನಲ್ಲಿ ಬರಬೇಕಾದರೆ ಹದ ಮುಗಿದ ಮೇಲೆ ಬರುತ್ತದೆ.

ಸಾಮಾನುಗಳಲ್ಲಿ ಎರಡು ಜಾತಿ ಇವೆ ಎಂಬುದು ಕೊಳ್ಳುವವರಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಯಾವ ಟ್ರ್ಯಾಕ್ಟರ್ ಕಂಪನಿಯೂ ಎಲ್ಲವನ್ನೂ ತಾನೇ ಮಾಡುವುದಿಲ್ಲ. ಬೇರಿಂಗ್, ಆಯಿಲ್ ಸೀಲ್, ಡೀಸೆಲ್ ಪಂಪು, ನಾಝಲ್, ಸೆಲ್ಫು, ಆಲ್ಟರ್ನೇಟರು, ಬ್ಯಾಟರಿ, ಟೈರು ಇವೆಲ್ಲ ಹೊರಗಿನ ತಯಾರಕರಿಂದ ಬಂದವು. ಕೆಲವು ಸಣ್ಣ ಕಂಪನಿಗಳು ಎಂಜಿನ್ನನ್ನೂ ಹೊರಗಿನಿಂದಲೇ ತರುತ್ತವೆ. ಇವುಗಳಿಗೆ ಟ್ರ್ಯಾಕ್ಟರ್ ಡೀಲರ್‌ನ ಹಂಗಿಲ್ಲ. ಬೇರಿಂಗಿನ ಮೇಲೆ 6206 ಎಂದು ಕೊರೆದಿದ್ದರೆ ಅದು ಜಗತ್ತಿನಲ್ಲಿ ಎಲ್ಲಿ ಕೊಂಡರೂ ಒಳಗೆ 30, ಹೊರಗೆ 62, ದಪ್ಪ 16 ಮಿಲಿಮೀಟರೇ. ಅದು ದೌಂಡ್‌ನ ಅಂಗಡಿಯಲ್ಲೂ ಸಿಗುತ್ತದೆ. ಆಯಿಲ್ ಸೀಲ್ ಮೇಲೆ 45-62-8 ಎಂದಿದ್ದರೆ ಆ ಅಳತೆ ಹೇಳಿದರೆ ಸಾಕು. ಬಾಶ್ ಕಂಪನಿಯ ಡೀಸೆಲ್ ಪಂಪಾದರೆ ಬಾಶ್‌ನ ಡೀಸೆಲ್ ಸರ್ವಿಸ್‌ನವರು ಮಾಡಿಕೊಡುತ್ತಾರೆ. ಪಿಸ್ಟನ್, ಲೈನರ್, ಹೆಡ್ ಗ್ಯಾಸ್ಕೆಟ್ ವಿಷಯದಲ್ಲಿ ಮಾತ್ರ ಎಂಜಿನ್ ಯಾರದು ಎಂಬುದು ದೊಡ್ಡ ಮಾತು. ಕಿರ್ಲೋಸ್ಕರ್, ಸಿಂಪ್ಸನ್‌ನಂಥ ಎಲ್ಲೆಡೆ ಗೊತ್ತಿರುವ ತಯಾರಕರದ್ದಾದರೆ ನಿಮ್ಮ ಅರ್ಧ ಚಿಂತೆ ಅಲ್ಲೇ ಕಳೆಯಿತು.

ಕಾಡುವುದು ಎರಡನೆಯ ಜಾತಿ. ಗೇರು, ಕ್ರೌನ್-ಪಿನಿಯನ್, ಪಿಟಿಓ ಶಾಫ್ಟು (ರೋಟವೇಟರ್‌ನಂಥ ಸಲಕರಣೆ ತಿರುಗಿಸಲು ಹಿಂದೆ ಇರುವ ದಂಡ), ಹೈಡ್ರಾಲಿಕ್ ಲಿಫ್ಟಿನ ಒಳಗಿನ ಭಾಗಗಳು, ವೈರಿಂಗ್, ಬಾನೆಟ್ಟು. ಇವು ಆ ಕಂಪನಿಯ ಅಚ್ಚಿನಿಂದಲೇ ಬರಬೇಕು, ಬೇರೆಯದು ಕೂರುವುದಿಲ್ಲ. ಕೇಳುವಾಗ ಇವುಗಳ ಮೇಲೆ ಒತ್ತು ಕೊಟ್ಟು ಕೇಳಿ. ಮಾಡೆಲ್‌ನ ಪಾರ್ಟ್ಸ್ ಕೆಟಲಾಗ್ ಪುಸ್ತಕವಾಗಿಯೋ ಮೊಬೈಲಿನಲ್ಲಿಯೋ ಕೊಡಿ ಎನ್ನಿ. ಪಾರ್ಟ್ ನಂಬರ್ ನಿಮ್ಮ ಕೈಯಲ್ಲಿದ್ದರೆ ಈ ಡೀಲರ್ ಇಲ್ಲವಾದರೂ ಇನ್ನೊಬ್ಬನಿಂದ ತರಿಸಬಹುದು. ಅದನ್ನು ಕೊಡಲು ಹಿಂದೇಟು ಹಾಕುವ ಕಂಪನಿಯ ಗಾಡಿ ನಾನಾದರೆ ತಗೊಳ್ಳುವುದಿಲ್ಲ.

ಕಂಪನಿ ದೊಡ್ಡದೋ ಸಣ್ಣದೋ ಎಂಬುದಕ್ಕಿಂತ ಟ್ರ್ಯಾಕ್ಟರ್ ಅವರಿಗೆ ಎಷ್ಟು ಮುಖ್ಯ ಎಂಬುದನ್ನು ನೋಡಬೇಕು. ನಿಮ್ಮ ಪಕ್ಕದ ಆಕುರ್ಡಿಯ ಫೋರ್ಸ್ ಮೋಟರ್ಸ್ ಗೊತ್ತಲ್ಲ. ಟ್ರಾವೆಲರ್ ಗಾಡಿಗಳಿಂದ ದೇಶಕ್ಕೆಲ್ಲ ಹೆಸರಾದ ಕಂಪನಿ, ಬಲವಾನ್, ಆರ್ಚರ್ಡ್ ಹೆಸರಿನ ಟ್ರ್ಯಾಕ್ಟರುಗಳನ್ನೂ ಮಾಡುತ್ತಿತ್ತು. 2024ರ ಮಾರ್ಚ್ 31ಕ್ಕೆ ಟ್ರ್ಯಾಕ್ಟರ್ ವ್ಯವಹಾರವನ್ನು ನಿಲ್ಲಿಸಿತು. ಕಂಪನಿ ಗಟ್ಟಿಯಾಗಿಯೇ ಇದೆ, ಟ್ರ್ಯಾಕ್ಟರ್ ಮಾತ್ರ ಅದರ ಮುಖ್ಯ ಕಸುಬಾಗಿರಲಿಲ್ಲ. ಇದಕ್ಕೆ ಎದುರಾಗಿ ಎಚ್‌ಎಂಟಿ ನೋಡಿ. ಜೆಕೊಸ್ಲೊವಾಕಿಯಾದ ಝೆಟರ್ ತಂತ್ರಜ್ಞಾನದಿಂದ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ಮಾಡುತ್ತಿದ್ದ ಸರ್ಕಾರಿ ಕಂಪನಿ, 2016ರಲ್ಲಿ ಆ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರವೇ ಒಪ್ಪಿಗೆ ಕೊಟ್ಟಿತು. ಆದರೂ ಅದರ ಸಾಮಾನು ಇವತ್ತಿಗೂ ಮಾರುಕಟ್ಟೆಯಲ್ಲಿ ಸಿಗುತ್ತದೆ, ಏಕೆಂದರೆ ಹೊಲಗಳಲ್ಲಿ ಎಚ್‌ಎಂಟಿ ಗಾಡಿಗಳು ಅಷ್ಟು ಉಳಿದಿವೆ, ಸಾಮಾನು ಮಾಡಿ ಮಾರುವವರಿಗೆ ಗಿರಾಕಿ ಇದ್ದಾರೆ. ಹಾಗಾಗಿ ನಿಮ್ಮ ಕಡೆ ಆ ಬ್ರ್ಯಾಂಡಿನ ಎಷ್ಟು ಗಾಡಿ ಓಡಾಡುತ್ತಿವೆ ಎಂಬುದನ್ನು ಕಣ್ಣಿಟ್ಟು ನೋಡಿ. ದೌಂಡ್, ಇಂದಾಪುರ, ಬಾರಾಮತಿ ಕಡೆ ಹತ್ತಾರು ಹಳ್ಳಿಗಳಲ್ಲಿ ಅಲ್ಲೊಂದು ಇಲ್ಲೊಂದು ಕಾಣುತ್ತಿದ್ದರೆ ಡೀಲರ್ ಹೋದರೂ ಇನ್ನೊಬ್ಬ ಬರುತ್ತಾನೆ, ಊರ ಮಿಸ್ತ್ರಿಗಳಿಗೂ ಕೈ ಕುದುರಿರುತ್ತದೆ. ನಿಮ್ಮದೇ ಮೊದಲ ಗಾಡಿ ಎಂದಾದರೆ ಎಷ್ಟು ಅಗ್ಗವಾದರೂ ಬೇಡ.

ಹಳೆಯ ಗಿರಾಕಿಗಳನ್ನು ಮಾತಾಡಿಸಿ. ಡೀಲರ್ ಕೊಡುವ ಫೋನ್ ನಂಬರುಗಳು ಅವರ ನೆಂಟರದ್ದೋ ಸ್ನೇಹಿತರದ್ದೋ ಇರುತ್ತವೆ, ಅದನ್ನು ನೆಚ್ಚಬೇಡಿ. ಕಬ್ಬಿನ ಕಾರ್ಖಾನೆಯ ಗೇಟಿನ ಹೊರಗೆ ಟ್ರಾಲಿಗಳು ಸಾಲುಗಟ್ಟಿ ನಿಂತಿರುವ ಜಾಗಕ್ಕೆ ತಮ್ಮನನ್ನು ಕಳಿಸಿ, ಆ ಬ್ರ್ಯಾಂಡಿನ ಗಾಡಿ ಹುಡುಕಿ ಡ್ರೈವರ್ ಜೊತೆ ಚಹಾ ಕುಡಿಯಲಿ. ಎಂಜಿನ್ ಓಡಿದ ಗಂಟೆ ತೋರಿಸುವ ಅವರ್ ಮೀಟರ್ ಸಾವಿರ ಗಂಟೆ ದಾಟಿದ ಗಾಡಿಯಾದರೆ ಒಳ್ಳೆಯದು, ಹೊಸ ಗಾಡಿಯವರೆಲ್ಲ ಹೊಗಳಿಯೇ ಹೊಗಳುತ್ತಾರೆ. ಏನು ಕೆಟ್ಟಿತು, ಎಷ್ಟು ದಿನ ನಿಂತಿತು, ದುಡ್ಡು ಯಾರು ಕೊಟ್ಟರು, ಇಷ್ಟು ಕೇಳಿದರೆ ಸಾಕು.

ವಾರಂಟಿಯ ವರ್ಷ ಕೇಳಿ ಮರುಳಾಗಬೇಡಿ. ಅದು ವರ್ಷ ಅಥವಾ ಗಂಟೆ, ಯಾವುದು ಮೊದಲು ಮುಗಿಯುತ್ತದೋ ಅದರವರೆಗೆ. ಟೈರು, ಬ್ಯಾಟರಿ, ಡೀಸೆಲ್ ಪಂಪಿಗೆ ಸಾಮಾನ್ಯವಾಗಿ ಆಯಾ ತಯಾರಕರದ್ದೇ ಬೇರೆ ವಾರಂಟಿ. ಕ್ಲಚ್ ಪ್ಲೇಟ್, ಬ್ರೇಕ್, ಬೆಲ್ಟ್, ಫಿಲ್ಟರ್ ಸವೆಯುವ ಸಾಮಾನು, ಅವುಗಳನ್ನು ಹೊರಗಿಟ್ಟಿರುತ್ತಾರೆ. ಸಾಮಾನ್ಯವಾಗಿ 50 ಗಂಟೆಗೆ ಬರುವ ಮೊದಲ ಸರ್ವಿಸನ್ನೋ ಅದರ ನಂತರದ್ದನ್ನೋ ತಪ್ಪಿಸಿದರೆ, ವೈರಿಂಗ್ ಕತ್ತರಿಸಿ ಹಾಡಿನ ಡೆಕ್ ಕೂರಿಸಿದರೆ, ಕ್ಲೇಮ್ ತಿರಸ್ಕರಿಸಲು ಅದೇ ನೆಪ. ನಿಮ್ಮ ತಮ್ಮ ಆ ಸರ್ವಿಸ್ ಪುಸ್ತಕಕ್ಕೆ ಪ್ರತಿ ಸಲ ಸೀಲು ಹಾಕಿಸಿಕೊಳ್ಳಲಿ.

ಇಂಡಿಗೆ ಒಯ್ಯುವ ವಿಚಾರ ನೀವು ಮಧ್ಯದಲ್ಲಿ ಹಗುರವಾಗಿ ಬರೆದಿದ್ದೀರಿ, ನನಗೆ ಅದು ತೂಕದ ವಿಷಯ. ವಾರಂಟಿ ದೇಶದ ಯಾವ ಡೀಲರ್ ಹತ್ತಿರವಾದರೂ ನಡೆಯುತ್ತದೆ ಎಂದು ಕಾಗದದಲ್ಲಿ ಇರುತ್ತದೆ. ನಡೆಯುವ ರೀತಿ ಬೇರೆ. ವಾರಂಟಿ ಕೆಲಸಕ್ಕೆ ಡೀಲರ್ ಮೊದಲು ತನ್ನ ಸಾಮಾನು, ತನ್ನ ಫಿಟ್ಟರ್‌ನ ಸಮಯ ಹಾಕಿ ಆಮೇಲೆ ಕಂಪನಿಯಿಂದ ಹಣ ವಸೂಲು ಮಾಡಬೇಕು. ತಾನು ಮಾರಿದ ಗಾಡಿಗೆ ಆ ಶ್ರಮ ಪಡುತ್ತಾನೆ, ಪುಣೆಯಲ್ಲಿ ಬೇರೆಯವನು ಲಾಭ ಮಾಡಿಕೊಂಡ ಗಾಡಿಯನ್ನು ವಿಜಯಪುರದ ಡೀಲರ್ ಕೊನೆಯ ಸಾಲಿನಲ್ಲಿ ನಿಲ್ಲಿಸುತ್ತಾನೆ. ಅದೂ ಅಲ್ಲಿ ಡೀಲರ್ ಇದ್ದರೆ. ವಿಜಯಪುರ, ಸೋಲಾಪುರ ಎರಡೂ ಕಡೆ ಆ ಕಂಪನಿಯವರು ಇದ್ದಾರೆಯೇ ಎಂದು ಊರಿನ ಅಣ್ಣತಮ್ಮಂದಿರಿಗೆ ಹೇಳಿ ಹೋಗಿ ನೋಡಿಸಿ. ಎರಡರಲ್ಲಿ ಒಂದೂ ಇಲ್ಲವಾದರೆ ಗಾಡಿ ದೌಂಡ್‌ನಲ್ಲೇ ಇರಲಿ, ಊರಿನ ಹೊಲಕ್ಕೆ ಬಾಡಿಗೆ ಟ್ರ್ಯಾಕ್ಟರೇ ಲೇಸು.

ಶೋರೂಮಿನಲ್ಲಿ ಇನ್ನೊಂದು ಆಸೆ ತೋರಿಸುತ್ತಾರೆ, ಸ್ವಲ್ಪ ಹಣ ಸೇರಿಸಿದರೆ 52 ಅಥವಾ 55 ಎಚ್‌ಪಿ ಬರುತ್ತದೆ ಎಂದು. 2023ರ ಜನವರಿಯಿಂದ 50 ಎಚ್‌ಪಿ ಮೇಲಿನ ಟ್ರ್ಯಾಕ್ಟರುಗಳಿಗೆ ಹೊಗೆಯ ಹೊಸ ನಿಯಮ, ಟ್ರೆಮ್ 4, ಬಂದಿದೆ. ಅದಕ್ಕಾಗಿ ಆ ಗಾಡಿಗಳಲ್ಲಿ ಸಾಮಾನ್ಯವಾಗಿ ಡೀಸೆಲ್ ಇಂಜೆಕ್ಷನ್ನು ಕಂಪ್ಯೂಟರ್ ಹಿಡಿತಕ್ಕೆ ಹೋಗಿದೆ. ಒಂದು ಸೆನ್ಸರ್ ಕೈಕೊಟ್ಟರೂ ಲ್ಯಾಪ್‌ಟಾಪ್ ಹಚ್ಚಿ ನೋಡುವವನೇ ಬರಬೇಕು, ಊರ ಮಿಸ್ತ್ರಿಯ ಪಾನಾ ಕೆಲಸಕ್ಕೆ ಬಾರದು. 45 ಎಚ್‌ಪಿ ಗಾಡಿಯಲ್ಲಿ ಸಾಮಾನ್ಯವಾಗಿ ಹಳೆಯ ಮಾದರಿಯ ಪಂಪೇ ಇರುತ್ತದೆ, ಡೀಲರ್ ಕೈಬಿಟ್ಟರೂ ಬದುಕಿಸಿಕೊಳ್ಳಬಹುದು. ಸಣ್ಣ ಬ್ರ್ಯಾಂಡ್ ತಗೊಳ್ಳುವುದಾದರೆ 50ರ ಕೆಳಗೇ ಇರಿ.

ಟ್ರ್ಯಾಕ್ಟರುಗಳನ್ನು ಪರೀಕ್ಷಿಸುವ, ಮಧ್ಯಪ್ರದೇಶದ ಬುದನಿಯ ಸರ್ಕಾರಿ ಸಂಸ್ಥೆಯ ವರದಿಯನ್ನು ಡೀಲರ್‌ನಿಂದ ಕೇಳಿ ಪಡೆಯಿರಿ. ಪಿಟಿಓಗೆ ನಿಜವಾಗಿ ಎಷ್ಟು ಎಚ್‌ಪಿ ಸಿಗುತ್ತದೆ, ಡೀಸೆಲ್ ಎಷ್ಟು ಕುಡಿಯುತ್ತದೆ ಎಂಬುದೆಲ್ಲ ಅದರಲ್ಲಿದೆ. ಮರುಮಾರಾಟಕ್ಕೆ ಹೆಸರಿಲ್ಲದ ಗಾಡಿಗೆ ಬೆಲೆ ಕಡಿಮೆ ಬರುತ್ತದೆ, ಇದನ್ನು ಮೊದಲೇ ಒಪ್ಪಿಕೊಂಡು ತಗೊಳ್ಳಿ. ಐದಾರು ವರ್ಷಕ್ಕೆ ಮಾರುವ ಮನಸ್ಸಿದ್ದರೆ ಉಳಿದ 90,000ದಲ್ಲಿ ದೊಡ್ಡ ಪಾಲು ಅಲ್ಲೇ ಹೋಗುತ್ತದೆ. ಗಾಡಿ ಮುದಿಯಾಗುವ ತನಕ ಇಟ್ಟುಕೊಳ್ಳುವವರಿಗೆ ಆ ಚಿಂತೆ ಇಲ್ಲ.

ಎಲ್ಲ ಸರಿ ಕಂಡು ತಗೊಳ್ಳಲು ನಿರ್ಧರಿಸಿದಿರಿ ಎನ್ನಿ. ಉಳಿದ ಹಣದಲ್ಲಿ ಒಂದಿಷ್ಟನ್ನು ಗಾಡಿಯ ಜೊತೆಗೇ ಸಾಮಾನಿಗೆ ಹಾಕಿಬಿಡಿ: ಒಂದು ಕ್ಲಚ್ ಸೆಟ್ಟು, ರಿಲೀಸ್ ಬೇರಿಂಗ್, ವಾಟರ್ ಪಂಪು, ಬೆಲ್ಟು, ಎರಡು ಸರ್ವಿಸಿಗಾಗುವಷ್ಟು ಫಿಲ್ಟರು, ಹೈಡ್ರಾಲಿಕ್ ಸೀಲ್ ಕಿಟ್ಟು. ಗಾಡಿ ಮಾರುವ ಹುರುಪಿನಲ್ಲಿ ಡೀಲರ್ ಇವನ್ನು ಕಡಿಮೆ ದರಕ್ಕೆ ಕೊಡುತ್ತಾನೆ, ಆಮೇಲೆ ಕೊಡುವುದಿಲ್ಲ. ಕಬ್ಬಿಣದ ಸಾಮಾನಿಗೆ ಎಣ್ಣೆ ಸವರಿ, ಎಲ್ಲವನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಇಲಿ ಸೇರದ ಡಬ್ಬಿಯಲ್ಲಿ ಇಡಿ. ಕ್ಲಚ್ ಪ್ಲೇಟಿಗೆ, ಬೆಲ್ಟಿಗೆ ಎಣ್ಣೆ ತಾಗಬಾರದು. ಹೊಸ ಬ್ರ್ಯಾಂಡಿನ ಗಾಡಿಯವರಲ್ಲಿ ನೆಮ್ಮದಿಯಿಂದ ಇರುವವರೆಲ್ಲ ಹೀಗೆ ಒಂದು ಡಬ್ಬಿ ಇಟ್ಟುಕೊಂಡವರೇ.

ಬಾಯಿಮಾತಿನ ಭರವಸೆಗಳನ್ನು ಕೊಟೇಶನ್ ಹಿಂದೆ ಬರೆಸಿ ಸಹಿ, ಸೀಲು ಹಾಕಿಸಿಕೊಳ್ಳಿ: ಫೋನ್ ಮಾಡಿದ ಎಷ್ಟು ಗಂಟೆಯೊಳಗೆ ಹೊಲಕ್ಕೆ ಜನ ಬರುತ್ತಾರೆ, ವಾರಂಟಿಯ ಸಾಮಾನು ಎಷ್ಟು ದಿನದಲ್ಲಿ ತರಿಸುತ್ತಾರೆ, ತಡವಾದರೆ ಬದಲಿ ಗಾಡಿ ಕೊಡುತ್ತಾರೆಯೇ. ಮುಂದೆ ಜಗಳವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಇರುವ ಊರಿಗೆ ಅಲೆಯಬೇಕಾಗಿಲ್ಲ. ಆ ದೂರಿಗೆ ಬಲ ಬರುವುದು ಈ ಕಾಗದದಿಂದ. ಕಂಪನಿಯ ಏರಿಯಾ ಸರ್ವಿಸ್ ಇಂಜಿನಿಯರ್ ನಂಬರನ್ನೂ ಅಂದೇ ಪಡೆದು, ಡೀಲರ್ ಎದುರಿಗೇ ಒಮ್ಮೆ ಫೋನ್ ಮಾಡಿ ನೋಡಿ.

ಸದ್ಯಕ್ಕೆ ಅಡ್ವಾನ್ಸ್ ಕೊಡಬೇಡಿ. ವರ್ಕ್‌ಶಾಪ್ ನೋಡಿ ಬನ್ನಿ, ಮೇಲೆ ಹೇಳಿದ ಏಳು ಸಾಮಾನಿನಲ್ಲಿ ಎಷ್ಟು ಕೌಂಟರ್ ಮೇಲೆ ಬಂದವು ಬರೆದಿಟ್ಟುಕೊಳ್ಳಿ, ವಿಜಯಪುರದಿಂದ ಸುದ್ದಿ ತರಿಸಿಕೊಳ್ಳಿ. ಮಾಡೆಲ್ ಹೆಸರು, ಎಂಜಿನ್ ಯಾರದು ಎಂಬ ವಿವರ ಮತ್ತು ಎರಡೂ ಕೊಟೇಶನ್‌ಗಳ ನಕಲು ಕಳಿಸಿದರೆ ಯಾವ ಸಾಮಾನು ಹೊರಗಡೆ ಸಿಗುತ್ತದೆ, ಯಾವುದಕ್ಕೆ ಡೀಲರ್‌ನನ್ನೇ ಕಾಯಬೇಕು ಎಂದು ಬಿಡಿಸಿ ಬರೆಯುತ್ತೇನೆ.